ಸಾಹುಕಾರರ ಎಡಗೈ

ಮೂರನೇ ಪ್ಲಾಸ್ಟರ್ ಬಿಚ್ಚಬೇಕಾದ ದಿನ ಬೆಳಿಗ್ಗೆ ಬಚ್ಚಲುಮನೆಯಲ್ಲೇ ಅತ್ತೆ ಸೊಸೆಗೆ ಜಗಳ ಹತ್ತಿಕೊಂಡಿತು.

ಐವತ್ತು ದಿನದ ಹೆಣ್ಣುಕೂಸು ಇಂಚರ, ಅಜ್ಜಿ ಸಾವಿತ್ರಮ್ಮನ ತೊಡೆಯ ಮೇಲೆ ಮಲಗಿ ಕಾಲುಗಳನ್ನು ಟಬ್ಬಿನ ಬೆಚ್ಚನೆಯ ನೀರಿಗೆ ಇಳಿಬಿಟ್ಟಿತ್ತು. ಎರಡೂ ಕಾಲಿಗೆ ತೊಡೆಯಿಂದ ಬೆರಳ ತುದಿಯವರೆಗೆ ಬಿಳಿ ಕಟ್ಟು. ಹುಟ್ಟುವಾಗಲೇ ಅದರ ಪಾದಗಳು ಒಳಕ್ಕೆ ತಿರುಚಿಕೊಂಡು ಅಂಗಾಲುಗಳು ಒಂದನ್ನೊಂದು ನೋಡುತ್ತಿದ್ದವು. ಕೈಬೆರಳುಗಳು ಒಂದರ ಮೇಲೊಂದು ಹತ್ತಿ ಮುಷ್ಟಿಯಾಗಿ ಬಿಗಿದಿದ್ದವು. ಚಿಕ್ಕಮಗಳೂರಿನ ಮೂಳೆ ಡಾಕ್ಟರು ವಾರಕ್ಕೊಮ್ಮೆ ಪಾದವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿ ಹೊಸ ಕಟ್ಟು ಹಾಕುತ್ತಿದ್ದರು. ಹಳೆಯದನ್ನು ಮನೆಯಲ್ಲೇ ನೆನೆಸಿ ಬಿಚ್ಚಿಕೊಂಡು ಹೋಗಬೇಕು. ಸೊಸೆ ಕೃತಿಕಾಳ ಹೊಟ್ಟೆಯ ಹೊಲಿಗೆ ಇನ್ನೂ ನೋಯುತ್ತಿದ್ದುದರಿಂದ ಬಗ್ಗಿ ಕೂರುವ ಆ ಕೆಲಸ ಸಾವಿತ್ರಮ್ಮನ ಪಾಲಿಗೆ ಬಂದಿತ್ತು.

"ಬೇಡ ಬೇಡ ಅಂದೆ ನಾನು. ಹೊಟ್ಟೇಲಿ ಕೂಸು ಇಟ್ಕೊಂಡು ಗ್ರಹಣದ ದಿನ ಹೊರಗೆ ಹೋಗ್ಬೇಡ ಅಂದೆ. ಶಾಲೆ ಮಕ್ಕಳನ್ನ ಕಟ್ಕೊಂಡು, ಕಪ್ಪು ಕನ್ನಡಕ ಹಾಕ್ಕೊಂಡು ಆಕಾಶ ನೋಡ್ತಾ ನಿಂತೆ. ಈಗ ಅನುಭವಿಸ್ತಿರೋದು ಯಾರು?"

ಗೋಣಿಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೃತಿಕಾ ಟವೆಲ್ ಹಿಡಿದು ಬಾಗಿಲಿಗೆ ಒರಗಿದ್ದಳು. "ಅವತ್ತು ಶಾಲೆ ಹಿಂದಿನ ಮನೆಯ ಗಬ್ಬದ ಹಸುನೂ ಬಯಲಲ್ಲೇ ನಿಂತಿತ್ತು ಅತ್ತೆ. ಅದರ ಕರು ನೆಟ್ಟಗೇ ಇದೆ."

"ಹಸುಗೂ ನಿಂಗೂ ಸಮಾನ ಏನೇ?"

"ಇಲ್ಲ ಬಿಡಿ. ಹಸುನ ಯಾರೂ ದಿನಾ ಬೆಳಿಗ್ಗೆ ಎಬ್ಬಿಸಿ ಬಯ್ಯಲ್ಲ."

ಸಾವಿತ್ರಮ್ಮ ಕಟ್ಟಿನ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಟಬ್ಬಿನ ನೀರು ಬೆಳ್ಳಗಾಯಿತು. ಒಳಗಿಂದ ಸುಕ್ಕುಗಟ್ಟಿದ ಪುಟ್ಟ ಪಾದ ಹೊರಬಂತು. ಹೋದ ವಾರಕ್ಕಿಂತ ಚೂರು ನೆಟ್ಟಗಾಗಿತ್ತು. ಇಬ್ಬರೂ ನೋಡಿದರು, ಇಬ್ಬರೂ ಹೇಳಲಿಲ್ಲ.

ತಿಂಡಿಯ ಹೊತ್ತಿಗೆ ಮನೆಯ ಯಜಮಾನರು ಮಲ್ಲಿಕಾರ್ಜುನಪ್ಪನವರು ಇನ್ನೊಂದು ವಿಷಯ ಎತ್ತಿದರು. ಹನ್ನೆರಡು ಎಕರೆ ಕಾಫಿ ತೋಟದ ಸಾಹುಕಾರರು. ಉಣ್ಣುವಾಗಲೂ ಕೂತು ಮಾತಾಡುವಾಗಲೂ ಎಡಗೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಳ್ಳುವುದು ಅವರ ರೂಢಿ. ಆ ಕೈಯ ಮೂರು ಬೆರಳು ಅಂಗೈಗೆ ಮಡಚಿಕೊಂಡೇ ಇದ್ದವು. ಹುಡುಗನಾಗಿದ್ದಾಗ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಕೈ ಸಿಕ್ಕಿತ್ತಂತೆ.

"ನಿಖಿತಾನ ನೋಡಕ್ಕೆ ಆಲ್ದೂರಿನವರು ಈ ತಿಂಗಳ ಕೊನೇ ಭಾನುವಾರ ಬರ್ತಾರೆ" ಎಂದರು. "ನಂದನ್, ಅಷ್ಟರೊಳಗೆ ನಿನ್ನ ಹೆಂಡತಿ ಮಗುನ ತರೀಕೆರೆಗೆ, ಅವಳ ತವರಿಗೆ ಬಿಟ್ಟು ಬಾ. ನಿಶ್ಚಯ ಆಗಲಿ, ಆಮೇಲೆ ಕರ್ಕೊಂಡು ಬಂದ್ರಾಯ್ತು."

ಮಗ ನಂದನ್ ಅಕ್ಕಿರೊಟ್ಟಿಯ ಚೂರನ್ನು ಚಟ್ನಿಯಲ್ಲಿ ಅದ್ದುತ್ತಲೇ ಇದ್ದ. ಉತ್ತರ ಕೊಟ್ಟವಳು ಕೃತಿಕಾ. "ವಾರ ವಾರ ಕಟ್ಟು ಹಾಕಿಸ್ಬೇಕು ಮಾವ. ಒಂದು ವಾರ ತಪ್ಪಿದ್ರೆ ಪಾದ ವಾಪಸ್ ತಿರುಗುತ್ತೆ ಅಂದಿದಾರೆ. ನಾನು ಎಲ್ಲಿಗೂ ಹೋಗಲ್ಲ."

"ನಿಮ್ಮ ಕಡೆಯಿಂದ ಬಂದಿದ್ದನ್ನ ನೀವೇ ಸರಿಮಾಡಿಸ್ಕೊಳ್ಳಿ ಅಂತ ನಾನು ಹೇಳಿಲ್ಲ. ಅಷ್ಟು ದೊಡ್ಡ ಮನಸ್ಸು ಮಾಡಿದೀನಿ."

"ನಮ್ಮ ಕಡೆಯಿಂದ?"

"ನಿನ್ನ ಸೋದರಮಾವ ಕುಂಟಲ್ವಾ?"

"ಅದು ಪೋಲಿಯೋ!"

"ಯಾವುದೋ ಒಂದು" ಎಂದು ಮಲ್ಲಿಕಾರ್ಜುನಪ್ಪನವರು ಬಲಗೈ ತೊಳೆಯಲು ಎದ್ದರು. ಕೆಲಸದಿಂದ ರಜೆ ಹಾಕಿ ಬಂದಿದ್ದ ಮಗಳು ನಿಖಿತಾ, "ಅತ್ತಿಗೆ ಇಲ್ಲೇ ಇರ್ಲಿ ಅಪ್ಪಾಜಿ, ಏನಾಗುತ್ತೆ?" ಎಂದಳು. "ನಿಂಗೆ ತಿಳಿಯಲ್ಲ ಸುಮ್ನಿರು" ಎಂದು ಬಚ್ಚಲಿಂದಲೇ ಉತ್ತರ ಬಂತು.

ನಾಲ್ಕನೇ ಕಟ್ಟು ಹಾಕುವಾಗ ಮೂಳೆ ಡಾಕ್ಟರು ಮಂಗಳೂರಿಗೆ ಒಂದು ಚೀಟಿ ಬರೆದುಕೊಟ್ಟರು. ವಂಶದಲ್ಲಿ ಬರುವ ಕಾಯಿಲೆಗಳನ್ನು ನೋಡುವ ಡಾಕ್ಟರಮ್ಮ ಒಬ್ಬರು ಅಲ್ಲಿದ್ದಾರೆ, ಮನೆತನದ ವಿಷಯ ಗೊತ್ತಿರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಎಂದರು. ಮಲ್ಲಿಕಾರ್ಜುನಪ್ಪನವರು ಮೆಣಸು ಕೊಯ್ಲಿನ ನೆಪ ಹೇಳಿದರು. ಹೆಂಡತಿಯನ್ನು ಪಕ್ಕಕ್ಕೆ ಕರೆದು, "ನೀನು ಹೋಗು. ನಮ್ಮ ಕಡೆ ಯಾರಿಗೂ ಇಲ್ಲ ಅಂತ ಬರೆಸಿಬಿಟ್ಟು ಬಾ" ಎಂದು ಕಳಿಸಿದರು.

ಸಾವಿತ್ರಮ್ಮ ಹೊರಟಿದ್ದೇ ಅದಕ್ಕೆ. ಮಂಗಳೂರಿನ ದಾರಿಯಲ್ಲಿ ನಂದನ್ ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿದಾಗ, ನೀರುದೋಸೆ ತಿನ್ನುವಾಗಲೂ ಸೊಸೆಗೆ ಕೇಳುವಂತೆ ಎರಡು ಸಲ ಅಂದಳು, "ಇವತ್ತು ಗೊತ್ತಾಗುತ್ತೆ ಎಲ್ಲಿಂದ ಬಂದಿದ್ದು ಅಂತ." ಕೃತಿಕಾ ಮಗುವಿಗೆ ಹಾಲು ಕುಡಿಸಲು ಕಾರಿನಲ್ಲೇ ಕೂತಿದ್ದಳು. ಇಳಿಯಲಿಲ್ಲ.

ಡಾಕ್ಟರಮ್ಮ ಬಿಳಿ ಹಾಳೆಯ ಮೇಲೆ ಚೌಕ, ದುಂಡು, ಗೆರೆ ಎಳೆಯುತ್ತಾ ಕೃತಿಕಾಳ ಕಡೆಯವರನ್ನೆಲ್ಲ ಮುಗಿಸಿ ಸಾವಿತ್ರಮ್ಮನ ಕಡೆ ತಿರುಗಿದರು. "ನಿಮಗೆ ಎಷ್ಟು ಮಕ್ಕಳಮ್ಮ?"

"ಎರಡು."

"ಹುಟ್ಟಿ ತೀರಿಕೊಂಡದ್ದು ಏನಾದರೂ?"

ಸಾವಿತ್ರಮ್ಮ ಆ ಪೆನ್ನನ್ನೇ ನೋಡಿದಳು. ಮೂವತ್ತಾರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. "ಮೊದಲನೇದು ಒಂದು ಹೆಣ್ಣು" ಎಂದಳು. "ಹನ್ನೊಂದು ತಿಂಗಳು ಇತ್ತು. ಜ್ವರ ಬಂದು ಹೋಯ್ತು."

ನಂದನ್ ತಾಯಿಯ ಮುಖ ನೋಡಿದ. ಅವನಿಗೆ ಅಕ್ಕ ಒಬ್ಬಳಿದ್ದಳು ಎಂಬುದೇ ಗೊತ್ತಿರಲಿಲ್ಲ.

"ಕೈಕಾಲು ಸರಿಯಿತ್ತಾ ಮಗುವಿನದ್ದು?"

"ಇದರ ಹಾಗೇ ಇತ್ತು" ಎಂದು ಸಾವಿತ್ರಮ್ಮ ಇಂಚರಳತ್ತ ಕೈ ತೋರಿಸಿದಳು. "ನನ್ನ ತಪ್ಪು. ಗ್ರಹಣದ ಹೊತ್ತಲ್ಲಿ ಬಟ್ಟೆ ಒಗೆದು ಹಿಂಡಿದೆ ಅಂತ ನಮ್ಮ ಅತ್ತೆ ಹೇಳಿದ್ರು. ಬಟ್ಟೆ ಹಿಂಡಿದ ಹಾಗೇ ಕೂಸಿನ ಕೈಕಾಲು ಹಿಂಡಿಕೊಂಡು ಬಂತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲಮ್ಮ. ನಿಮ್ಮ ತಪ್ಪೂ ಅಲ್ಲ, ಇವರ ತಪ್ಪೂ ಅಲ್ಲ." ಆಮೇಲೆ ನಂದನನಿಗೆ, "ಎರಡೂ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ" ಎಂದರು. ಅವನು ಇಟ್ಟ. ಬಲಗೈಯ ಕೊನೆಯ ಎರಡು ಬೆರಳು ಮೇಜಿಗೆ ತಾಗಲಿಲ್ಲ. ಒತ್ತಿದರೂ ತಾಗಲಿಲ್ಲ.

"ಚಿಕ್ಕಂದಿನಿಂದ ಹಾಗೇ" ಎಂದ ನಂದನ್. "ಅದೇನೂ ತೊಂದರೆ ಇಲ್ಲ."

"ನಿಮ್ಮ ತಂದೆಯವರ ಕೈ?"

"ಎಡಗೈ ಸ್ವಲ್ಪ... ಅದು ಪಲ್ಪರ್‌ಗೆ ಸಿಕ್ಕಿದ್ದು."

ಡಾಕ್ಟರಮ್ಮ ಮಗುವಿನ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ಸಾವಿತ್ರಮ್ಮನಿಗೆ ತೋರಿಸಿದರು. "ನಮ್ಮ ಬೆರಳಿನ ಗಂಟುಗಳಲ್ಲಿ ಗೆರೆ ಇರ್ತದಲ್ಲ, ಇಲ್ಲಿ ನೋಡಿ, ಇಲ್ಲ. ನುಣ್ಣಗಿದೆ. ಹೊಟ್ಟೆಯೊಳಗೆ ಇರುವಾಗಲೇ ಬೆರಳು ಆಡದಿದ್ದರೆ ಹೀಗೆ. ಯಂತ್ರಕ್ಕೆ ಸಿಕ್ಕಿದ ಕೈಯಲ್ಲಿ ಗೆರೆಯೂ ಇರ್ತದೆ, ಗಾಯದ ಗುರುತೂ ಇರ್ತದೆ. ಅವರನ್ನು ಒಮ್ಮೆ ಕರ್ಕೊಂಡು ಬನ್ನಿ. ಇದು ಒಂದೇ ವಂಶದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣ್ತದೆ. ಒಬ್ಬರಿಗೆ ಎರಡು ಬೆರಳು, ಇನ್ನೊಬ್ಬರಿಗೆ ಕೈಕಾಲು ನಾಲ್ಕೂ. ಮಗುವಿನ ಬುದ್ಧಿಗೆ ಏನೂ ಇಲ್ಲ. ಜೀವಕ್ಕೂ ಏನೂ ಇಲ್ಲ."

"ಜೀವಕ್ಕೆ ಏನೂ ಇಲ್ವಾ?" ಎಂದು ಸಾವಿತ್ರಮ್ಮ ಮತ್ತೆ ಕೇಳಿದಳು.

"ಇಲ್ಲಮ್ಮ."

"ಈ ಕಟ್ಟು ಹಾಕೋದು ಆಗಲೂ ಇತ್ತಾ? ಮೂವತ್ತಾರು ವರ್ಷದ ಹಿಂದೆ?"

"ಇಷ್ಟು ಚೆನ್ನಾಗಿ ಅಲ್ಲ. ಆದರೆ ಇತ್ತು."

ಘಟ್ಟ ಹತ್ತಿ ಮನೆ ಸೇರುವಾಗ ಕತ್ತಲಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಹುರುಳಿಕಾಳಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಸಾವಿತ್ರಮ್ಮ ಗಂಡನಿಗೆ ಎರಡನೇ ಸಲ ಅನ್ನ ಬಡಿಸಿ ಸೌಟು ಕೆಳಗಿಟ್ಟಳು. ಬಗ್ಗಿ, ಪಂಚೆಯ ಮಡಿಕೆಯಿಂದ ಅವರ ಎಡಗೈಯನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಎಷ್ಟೋ ವರ್ಷ ಎಣ್ಣೆ ಹಚ್ಚಿದ ಕೈ ಅದು. ಆದರೂ ಹೀಗೆ ನೋಡಿರಲಿಲ್ಲ. ಮಡಚಿದ ಮೂರು ಬೆರಳೂ ಮೇಣದ ಹಾಗೆ ನುಣ್ಣಗಿದ್ದವು. ಗಂಟಿನಲ್ಲಿ ಗೆರೆಯಿರಲಿಲ್ಲ. ಗಾಯದ ಗುರುತು ಎಲ್ಲೂ ಇರಲಿಲ್ಲ.

"ಏನೇ ಇದು, ಹುಚ್ಚು ಹಿಡೀತಾ?" ಎಂದು ಅವರು ಕೈ ಕಿತ್ತುಕೊಂಡರು.

"ಪಲ್ಪರ್‌ಗೆ ಸಿಕ್ಕಿದ್ದು ಯಾವ ವರ್ಷ?"

"ಅದೆಲ್ಲ ಯಾರಿಗೆ ನೆನಪಿದೆ? ಊಟ ಮಾಡಕ್ಕೆ ಬಿಡು."

ಸಾವಿತ್ರಮ್ಮ ಹಿತ್ತಲ ಬಾಗಿಲಿಂದ ಕಣಕ್ಕೆ ಇಳಿದಳು. ಮೇಸ್ತ್ರಿ ಗುರುವಯ್ಯ ಒಣಹಾಕಿದ ಮೆಣಸನ್ನು ಕಾಲಿನಲ್ಲಿ ಸಾಲು ಸಾಲಾಗಿ ಕೆದಕುತ್ತಿದ್ದ. ಸಾಹುಕಾರರಿಗಿಂತ ನಾಲ್ಕು ವರ್ಷ ದೊಡ್ಡವನು, ಅದೇ ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಹುಟ್ಟಿದವನು.

"ಗುರುವಯ್ಯ, ಸಾವ್ಕಾರ್ರ ಕೈ ಪಲ್ಪರ್‌ಗೆ ಸಿಕ್ಕಿದಾಗ ನೀನಿದ್ಯಾ?"

ಅವನು ಕಾಲು ನಿಲ್ಲಿಸಿದ. "ಪಲ್ಪರ್‌ಗೆಲ್ಲಿ ಸಿಕ್ತು ಅಮ್ಮಾವ್ರೇ? ಹುಟ್ಟಿದಾಗ್ಲೇ ಹಂಗಲ್ವರಾ? ಬಾಣಂತನ ಮಾಡಿದ್ದು ನಮ್ಮವ್ವನೇ. ದಿನಾ ಹರಳೆಣ್ಣೆ ತಿಕ್ಕಿ ತಿಕ್ಕಿ ಎರಡು ಬೆರಳು ಬಿಡಿಸಿದ್ಲಂತೆ, ಮೂರು ಬರ್ಲೇ ಇಲ್ಲ." ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದ. "ನಿಮಗೆ ಗೊತ್ತಿಲ್ವರಾ? ಲೈನ್‌ನಲ್ಲಿ ಎಲ್ರಿಗೂ ಗೊತ್ತು."

ಅವಳು ಒಳಗೆ ಬಂದಾಗ ಮಲ್ಲಿಕಾರ್ಜುನಪ್ಪನವರು ಮಜ್ಜಿಗೆ ಅನ್ನಕ್ಕೆ ಬಂದಿದ್ದರು. ಸಾವಿತ್ರಮ್ಮ ಎದುರಿಗೆ ನಿಂತಳು.

"ನಿಮ್ಮವ್ವ ನನಗೆ ಗ್ರಹಣ ಅಂದಾಗ ನೀವು ಅಲ್ಲೇ ಜಗಲಿ ಮೇಲೆ ಕೂತಿದ್ರಿ. ಹನ್ನೊಂದು ತಿಂಗಳು ಅಂದ್ರು. ಹೋದ್ಮೇಲೂ ಅಂದ್ರು. ನೀವು ಒಂದ್ಸಲ ಬಾಯಿ ಬಿಟ್ಟಿದ್ರೆ ಸಾಕಿತ್ತು."

"ಅವ್ವ ಹೇಳಿದ್ದನ್ನ ನಾನು ಇಲ್ಲ ಅನ್ನಕ್ಕಾಗ್ತಿತ್ತಾ? ಆ ಕಾಲ ಬೇರೆ."

"ಮೂರು ದಿನ ಕೂಸಿಗೆ ಉಸಿರು ಕಟ್ತಿತ್ತು. ಜೀಪು ಅಂಗಳದಲ್ಲಿತ್ತು. ಮೂಡಿಗೆರೆಗೆ ಕರ್ಕೊಂಡು ಹೋಗಿ ಅಂತ ನಿಮ್ಮ ಕಾಲು ಹಿಡಿದೆ. ನಾಳೆ ನೋಡೋಣ ಅಂದ್ರಿ. ಯಾಕೆ ಅಂದ್ರಿ ಅಂತ ಇವತ್ತು ಗೊತ್ತಾಯ್ತು. ಡಾಕ್ಟ್ರು ಆ ಕೂಸಿನ ಕೈ ನೋಡಿ, ಆಮೇಲೆ ನಿಮ್ಮ ಕೈ ನೋಡ್ತಿದ್ರು."

"ಬಾಯಿ ಮುಚ್ಚು! ಮಗಳನ್ನ ನೋಡಕ್ಕೆ ಬರೋರಿದಾರೆ. ಹಳೇದನ್ನೆಲ್ಲ ಕೆದಕ್ಬೇಡ."

ಅವಳು ತಟ್ಟೆಯನ್ನು ಅವರ ಮುಂದಿನಿಂದ ಎತ್ತಿಕೊಂಡಳು. ಮಜ್ಜಿಗೆ ಅನ್ನ ಅರ್ಧ ಉಳಿದಿತ್ತು. ಹಿತ್ತಲಿಗೆ ಹೋಗಿ ನಾಯಿಯ ಬಟ್ಟಲಿಗೆ ಸುರಿದಳು. ಆವತ್ತಿನಿಂದ ಅವಳು ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿರಲಿಲ್ಲ. ಯಜಮಾನರು ತಾವೇ ಪಾತ್ರೆಯ ಮುಚ್ಚಳ ತೆಗೆದು ಹಾಕಿಕೊಳ್ಳಬೇಕಾಯಿತು.

ಐದನೇ ಕಟ್ಟು ನೆನೆಸುವ ಬೆಳಿಗ್ಗೆ ಸಾವಿತ್ರಮ್ಮ ಟಬ್ಬಿನ ಮೇಲೆ ಬಗ್ಗಿಕೊಂಡೇ, "ನಾನು ಹೇಳಿದ್ದು ತಪ್ಪು ಕಣೇ" ಎಂದಳು.

"ಹುಟ್ಟಿದ ದಿನದಿಂದ ಹೇಳಿದ್ರಿ ಅತ್ತೆ" ಎಂದಳು ಕೃತಿಕಾ. "ಆಸ್ಪತ್ರೆ ಮಂಚದ ಮೇಲೆ ಹೇಳಿದ್ರಿ. ನಮ್ಮಮ್ಮನ ಮುಂದೆ ಹೇಳಿದ್ರಿ. ನಿಮಗೆ ಅಂದಿದ್ದು ಎಷ್ಟು ನೋವಾಗಿತ್ತು ಅಂತ ಗೊತ್ತಿದ್ದೂ ಹೇಳಿದ್ರಿ."

"ಹೂಂ."

"ಬರೀ ಹೂಂ ಅಂದ್ರೆ?"

"ಇನ್ನೇನು ಹೇಳ್ಲಿ? ಮುಚ್ಚಿಡೋದಕ್ಕೆ ಏನೂ ಉಳಿದಿಲ್ಲ. ಟವೆಲ್ ಕೊಡು, ಕೂಸು ನಡುಗ್ತಿದೆ."

ಕೃತಿಕಾ ಟವೆಲ್ ಕೊಟ್ಟಳು. ಆಮೇಲೆ ಗಂಡನ ಕಡೆ ತಿರುಗಿದ ಅವಳ ಸಿಟ್ಟು ಇಡೀ ವಾರ ಇಳಿಯಲಿಲ್ಲ. "ನಿಮ್ಮ ಬೆರಳು ನಿಮಗೇ ಗೊತ್ತಿತ್ತಲ್ಲ, ಒಂದು ಮಾತು ಆಡಿದ್ರಾ?" ಎಂದು ನಂದನನನ್ನು ಅಡುಗೆಮನೆಯಲ್ಲಿ, ಅಂಗಳದಲ್ಲಿ, ಕಾರಿನಲ್ಲಿ ಕೇಳಿದಳು. ಅವನು ಪ್ರತಿ ಸಲವೂ "ನಂಗೇನು ಗೊತ್ತು ಮಾರಾಯ್ತಿ" ಎಂದ. ಶನಿವಾರ ಮಾತ್ರ ಅಪ್ಪನ ಎದುರು ನಿಂತು, "ಅವಳು ಎಲ್ಲಿಗೂ ಹೋಗಲ್ಲ, ನಾನೂ ಬಿಡಲ್ಲ" ಎಂದ. ಅಷ್ಟಕ್ಕೇ ಅವನ ಕಿವಿ ಕೆಂಪಾಗಿತ್ತು.

ಭಾನುವಾರ ಆಲ್ದೂರಿನಿಂದ ಹುಡುಗ ಪ್ರಸನ್ನಕುಮಾರ್, ಅವನ ತಂದೆ ತಾಯಿ ಬಂದರು. ಉಪ್ಪಿಟ್ಟು, ಕೇಸರಿಬಾತ್ ಆಯಿತು. ಕಾಫಿ ಹೂ ಅರಳಿಸುವ ಈ ಸಲದ ಹೂಮಳೆ, ಮೆಣಸಿನ ರೇಟು ಎಲ್ಲ ಮಾತಾಯಿತು. ಒಳಕೋಣೆಯಲ್ಲಿ ಇಂಚರ ಅಳತೊಡಗಿದಳು. ಹೊಸ ಕಟ್ಟು ಹಾಕಿದ ಎರಡು ದಿನ ಅವಳದು ಅದೇ ಗೋಳು.

"ಮೊಮ್ಮಗಳಾ? ತನ್ನಿ ನೋಡೋಣ" ಎಂದರು ಹುಡುಗನ ತಾಯಿ.

ಮಲ್ಲಿಕಾರ್ಜುನಪ್ಪನವರು ನಿಟ್ಟುಸಿರು ಬಿಟ್ಟರು. "ಏನು ಹೇಳೋದು. ಕೂಸಿಗೆ ಕೈಕಾಲು ಸ್ವಲ್ಪ ಐಬು. ಸೊಸೆ ತವರಿನ ಕಡೆಯಿಂದ ಬಂದಿದ್ದು. ಅವಳ ಸೋದರಮಾವನಿಗೂ ಇದೆ. ಮೊದಲೇ ವಿಚಾರಿಸ್ಬೇಕಿತ್ತು, ನಾವು ಮೋಸ ಹೋದ್ವಿ."

ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಸಾವಿತ್ರಮ್ಮ ಅಲ್ಲೇ ನಿಂತಳು. ಕೋಣೆಯ ಬಾಗಿಲಲ್ಲಿ ಕೃತಿಕಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಸೊಸೆ ಕಡೆಯಿಂದಲ್ಲ" ಎಂದಳು ಸಾವಿತ್ರಮ್ಮ. ತಟ್ಟೆಯನ್ನು ಟೀಪಾಯಿಯ ಮೇಲೆ ಇಟ್ಟಳು. ಕಾಫಿ ಲೋಟಗಳು ಒಂದಕ್ಕೊಂದು ತಾಗಿ ಚೆಲ್ಲಿದವು. "ರೀ, ಎಡಗೈ ತೋರಿಸಿ."

"ಒಳಗೆ ಹೋಗು."

"ತೋರಿಸಲ್ಲ ಅಂದ್ರೆ ನಾನೇ ಹೇಳ್ತೀನಿ. ಇವರ ಬೆರಳು ಹುಟ್ಟಿದಾಗಿಂದ ಹಾಗೇ. ನಮ್ಮ ಮಗನದ್ದೂ ಎರಡು ಬೆರಳು ಹಾಗೇ. ನನಗೆ ಮೊದಲನೇ ಹೆಣ್ಣು ಹುಟ್ಟಿತ್ತು, ಅದಕ್ಕೂ ಹಾಗೇ ಇತ್ತು. ಈ ಮನೆತನದಲ್ಲೇ ಇರೋದು. ಇನ್ನೊಬ್ಬರ ಮನೆ ಹುಡುಗಿ ತಲೆಗೆ ಕಟ್ಟೋದು ಬೇಡ."

ಯಾರೂ ಲೋಟ ಮುಟ್ಟಲಿಲ್ಲ. ಹುಡುಗನ ತಂದೆ ಮೆಲ್ಲಗೆ, "ಹಾಗಾದ್ರೆ ನಿಮ್ಮ ಮಗಳಿಗೆ?" ಎಂದರು.

"ಕೈಕಾಲು ನೆಟ್ಟಗಿದೆ. ಆದರೂ ಪರೀಕ್ಷೆ ಮಾಡಿಸಿದ್ರೆ ಸರಿಯಾಗಿ ಗೊತ್ತಾಗುತ್ತಂತೆ" ಎಂದಳು ಸಾವಿತ್ರಮ್ಮ.

ಅವರು ಮರ್ಯಾದಸ್ಥರು. ಹತ್ತು ನಿಮಿಷ ಕೂತು, ಹೇಳಿ ಕಳಿಸ್ತೀವಿ ಎಂದು ಎದ್ದರು. ಕಾರು ಗೇಟು ದಾಟಿದ್ದೇ ತಡ ಮೊದಲು ಸಿಡಿದವಳು ನಿಖಿತಾ.

"ನನ್ನನ್ನ ಒಂದು ಮಾತು ಕೇಳಿದ್ಯಾಮ್ಮ?"

"ನಿಮ್ಮಪ್ಪ ಹೇಳಿದ ಸುಳ್ಳು ಕೇಳಿಸ್ತಲ್ಲ ನಿಂಗೆ."

"ಕೇಳಿಸ್ತು! ನಿನ್ನ ಸಿಟ್ಟು ನ್ಯಾಯ. ಆದ್ರೆ ಅದನ್ನ ತಂದು ನನ್ನ ತಟ್ಟೆಗೆ ಯಾಕೆ ಬಡಿಸಿದೆ? ಅಣ್ಣ ನನಗೆ ಎಲ್ಲ ಹೇಳಿದ್ದ. ಪ್ರಸನ್ನನಿಗೆ ನಾನೇ ಹೇಳ್ತಿದ್ದೆ, ಈ ವಾರನೇ ಹೇಳ್ತಿದ್ದೆ. ಅಪ್ಪ ಮುಚ್ಚಿಟ್ರು, ನೀನು ಬಿಚ್ಚಿಟ್ಟೆ. ಇಬ್ರೂ ನನ್ನನ್ನ ಕೇಳ್ಲಿಲ್ಲ."

ಸಾವಿತ್ರಮ್ಮ ಚೆಲ್ಲಿದ ಕಾಫಿಯನ್ನು ಬಟ್ಟೆಯಲ್ಲಿ ಒರೆಸಿದಳು. "ನಿಂಗೆ ಹೇಳ್ದೆ ಮಾಡಿದ್ದು ತಪ್ಪು" ಎಂದಳು. "ಮಾಡಿದ್ದು ತಪ್ಪಲ್ಲ." ನಿಖಿತಾ ಬಾಗಿಲು ಬಡಿದುಕೊಂಡು ಹೋದಳು.

ಬುಧವಾರ ಆಲ್ದೂರಿನಿಂದ ಫೋನ್ ಬಂತು. ಜಾತಕ ಕೂಡಿಬರುತ್ತಿಲ್ಲವಂತೆ. ಮಲ್ಲಿಕಾರ್ಜುನಪ್ಪನವರು ಫೋನ್ ಇಟ್ಟು ನೇರ ಅಡುಗೆಮನೆಗೆ ಬಂದರು. ಸಾವಿತ್ರಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು.

"ಆಯ್ತಾ ನಿನ್ನ ಮನಸ್ಸಿಗೆ ತೃಪ್ತಿ? ಎಂದೋ ಸತ್ತ ಒಂದು ಕೂಸಿಗೋಸ್ಕರ ಬದುಕಿರೋ ಮಗಳ ಬಾಳು ಹಾಳು ಮಾಡಿದೆ."

ತುರಿಯುವ ಕೈ ನಿಂತಿತು. "ಆ ಕೂಸಿಗೆ ಹೆಸರಿತ್ತು. ನೀವು ನಾಮಕರಣ ಮಾಡಲಿಲ್ಲ, ಜನ ಬರ್ತಾರೆ ಅಂತ. ನಾನು ಶಾರದೆ ಅಂತ ಕರೀತಿದ್ದೆ." ಅವಳು ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. "ಎಲ್ಲಿ ಮಣ್ಣು ಮಾಡಿದ್ರಿ ಅವಳನ್ನ?"

"ಈಗ ಅದೆಲ್ಲ ಯಾಕೆ?"

"ಹೆಂಗಸರು ಬರಬಾರದು ಅಂತ ಒಳಗೆ ಕೂರಿಸಿದ್ರಿ. ಬೆಳಗಾಗೋದ್ರೊಳಗೆ ಬಟ್ಟೇಲಿ ಸುತ್ಕೊಂಡು ನೀವೇ ಎತ್ಕೊಂಡು ಹೋದ್ರಿ. ಎಲ್ಲಿ ಅಂತ ನಾನು ಕೇಳ್ಲೂ ಇಲ್ಲ, ಪಾಪ ಮಾಡಿದವಳು ನಾನೇ ಅಂತ ಇದ್ದೆ. ನಡೀರಿ. ತೋರಿಸಿ."

ಅವರು ಬರುವುದಿಲ್ಲ ಎಂದರು. ಅವಳು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ಕೃತಿಕಾ, ನಂದನ್, ನಿಖಿತಾ ಮೂವರೂ ನಡುಮನೆಗೆ ಬಂದು ನಿಂತಿದ್ದರು. ಯಾರೂ ಅವರ ಪರವಾಗಿ ಬಾಯಿ ತೆರೆಯಲಿಲ್ಲ. ಮಲ್ಲಿಕಾರ್ಜುನಪ್ಪನವರು ಚಪ್ಪಲಿ ಮೆಟ್ಟಿಕೊಂಡರು.

ಹನ್ನೊಂದು ಗಂಟೆಯ ಬಿಸಿಲು. ಕಣ ದಾಟಿ, ಪೈಪಿನ ದಾರಿಯಲ್ಲಿ ಇಳಿದು, ತೋಟದ ಕೆಳಗಿನ ಬ್ಲಾಕಿಗೆ ಹೋದರು. ಗಿಡಗಳ ಮೇಲೆಲ್ಲ ಹೂ ಬಾಡಿ ಕಂದಾಗಿತ್ತು. ಆ ಬ್ಲಾಕಿನಲ್ಲಿ ಸಾವಿತ್ರಮ್ಮ ಮೂವತ್ತಾರು ಸುಗ್ಗಿ ಓಡಾಡಿದ್ದಳು. ಆಳು ಸಾಲದ ವರ್ಷ ಸ್ವತಃ ಹಣ್ಣು ಬಿಡಿಸಿದ್ದಳು. ಬುತ್ತಿ ಬಿಚ್ಚಿ ಕೂತು ಉಂಡಿದ್ದಳು.

ಯಜಮಾನರು ನೆರಳಿಗೆ ಬೆಳೆಸಿದ ಒಂದು ಸಿಲ್ವರ್ ಮರದ ಹತ್ತಿರ ನಿಂತರು. ಅಲ್ಲಿಂದ ಎರಡು ಸಾಲು ಆಚೆಗೆ ಹೋದರು. ಮತ್ತೆ ಈಚೆಗೆ ಬಂದರು. "ಇಲ್ಲೇ ಎಲ್ಲೋ" ಎಂದರು.

"ಇಲ್ಲೇ ಅಂದ್ರೆ?"

"ಆಗ ಇಲ್ಲಿ ಹಳೇ ಗಿಡ ಇತ್ತು. ಆಮೇಲೆ ಕಿತ್ತು ಹೊಸದಾಗಿ ಗುಂಡಿ ಹೊಡೆಸಿ ನೆಟ್ಟಿದ್ದಲ್ವಾ... ಈ ಸಾಲೋ, ಆ ಸಾಲೋ..." ಅವರ ಬಲಗೈ ಗಾಳಿಯಲ್ಲಿ ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹೋಯಿತು. "ಸರಿಯಾಗಿ ನೆನಪಿಲ್ಲ ಕಣೇ."

"ಗುಂಡಿ ಹೊಡೆಸುವಾಗ ಆಳುಗಳಿಗೆ ಹೇಳಿದ್ರಾ, ಇಲ್ಲಿ ನೋಡಿ ಅಗೀರಿ ಅಂತ?"

ಅವರು ನೆಲ ನೋಡಿದರು.

ಸಾವಿತ್ರಮ್ಮ ಅಳುತ್ತಾಳೆ ಎಂದು ಅವರು ಅಂದುಕೊಂಡಿರಬೇಕು. ಹತ್ತಿರ ಬಂದು, "ತಪ್ಪಾಯ್ತು, ನಡಿ ಮನೆಗೆ ಹೋಗೋಣ" ಎಂದರು. ಅವಳು ಅಳಲಿಲ್ಲ. ಅವರ ಮುಖವನ್ನೇ ನೋಡಿದಳು.

"ನೀವು ಬರಬೇಡಿ. ನೆನಪಾಗೋ ತನಕ ಇಲ್ಲೇ ನಿಂತಿರಿ."

"ಏನು ಮಾತು ಅಂತ ಆಡ್ತೀಯ! ಈ ಬಿಸಿಲಲ್ಲಿ..."

"ನಿಂತಿರಿ ಅಂದೆ."

ಅವಳು ದಾರಿ ಹಿಡಿದು ಮೇಲೆ ಹತ್ತಿದಳು. ಹಿಂದಿನಿಂದ ಒಂದೆರಡು ಸಲ "ಸಾವಿತ್ರೀ" ಎಂದು ಕೂಗಿದ್ದು ಕೇಳಿಸಿತು. ಹೆಜ್ಜೆಯ ಸದ್ದು ಮಾತ್ರ ಕೇಳಿಸಲಿಲ್ಲ.

ಮನೆಯಲ್ಲಿ ಕೃತಿಕಾ ತಟ್ಟೆ ಹಾಕಿದ್ದಳು. "ಮಾವ ಎಲ್ಲಿ ಅತ್ತೆ?"

"ತೋಟದಲ್ಲಿದಾರೆ" ಎಂದು ಸಾವಿತ್ರಮ್ಮ ಕೈ ತೊಳೆದು ನೆಲಕ್ಕೆ ಕೂತಳು. "ಅವರಿಗೆ ಇನ್ನೂ ಕೆಲಸ ಇದೆ. ಬಡಿಸು, ನಾವು ಉಣ್ಣೋಣ."